ಕೆಲಸಕ್ಕೆ ರೆಫರಲ್ ಕೇಳುವುದು ಹೇಗೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ಐಟಿ ಕಂಪನಿ ಇರಲಿ, ತಾರಿಹಾಳದ ಕಾರ್ಖಾನೆ ಇರಲಿ, ಜಾಗ ಖಾಲಿಯಾದಾಗ ಎಚ್‌ಆರ್‌ನವರು (ನೇಮಕಾತಿ ನೋಡಿಕೊಳ್ಳುವವರು) ಒಳಗಿನವರನ್ನೇ ಕೇಳುವುದುಂಟು: ‘ನಿಮಗೆ ಗೊತ್ತಿದ್ದವರು ಯಾರಾದರೂ ಅದಾರೇನ್ರಿ?’ ಆಗ ಒಳಗಿನವರು ನಿಮ್ಮ ಹೆಸರು ಹೇಳುವುದೇ ರೆಫರಲ್. ಇದನ್ನು ವಶೀಲಿ ಅಂದುಕೊಂಡು ಹಿಂಜರಿಯಬೇಡಿ. ನೂರಾರು ರೆಸ್ಯೂಮೆಗಳ ನಡುವೆ ನಿಮ್ಮದನ್ನು ತೆರೆದು ನೋಡುತ್ತಾರೆ, ಅಷ್ಟೇ. ಟೆಸ್ಟು, ಇಂಟರ್‌ವ್ಯೂ ನೀವೇ ಪಾಸಾಗಬೇಕು.

ಮೊದಲು ಹುದ್ದೆ ಆರಿಸಿಕೊಳ್ಳಿ. ಕಂಪನಿಯ ವೆಬ್‌ಸೈಟಿನಲ್ಲಿ ಜಾಬ್ ಐಡಿ (ಆ ಹುದ್ದೆಯ ಗುರುತಿನ ನಂಬರ್) ಇದ್ದರೆ ಬರೆದಿಟ್ಟುಕೊಳ್ಳಿ. ಅವಸರ ಮಾಡಿ ಅಲ್ಲೇ ಅರ್ಜಿ ಹಾಕಬೇಡಿ. ಒಮ್ಮೆ ನೀವಾಗಿಯೇ ಹಾಕಿದರೆ, ಆಮೇಲೆ ಬಂದ ರೆಫರಲ್ಲನ್ನು ಹಲವು ಕಂಪನಿಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಯಾರನ್ನು ಕೇಳುವುದು? ಆಪ್ತರೇ ಆಗಬೇಕಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯದವರಿಂದ ಕೆಲಸ ಸಿಕ್ಕವರ ಪೈಕಿ ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ 16.7 ಮಾತ್ರ. ಹತ್ತಿರದ ಗೆಳೆಯರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ, ಅಲ್ವಾ? ಹಾಗಾಗಿ ಹಳೆಯ ಸೀನಿಯರ್, ಹಾಸ್ಟೆಲ್ಲಿನ ಪಕ್ಕದ ರೂಮಿನವರು, ಗದಗ-ಹುಬ್ಬಳ್ಳಿ ಬಸ್ಸಿನಲ್ಲಿ ಸಿಗುವವರು, ಎಲ್ಲರನ್ನೂ ನೆನಪು ಮಾಡಿಕೊಳ್ಳಿ. ಮನೆಯಲ್ಲಿ ನೀವೇ ಮೊದಲು ನೌಕರಿಗೆ ಹೊರಟವರಾದರೆ, ಕಾಲೇಜಿನ ಪ್ಲೇಸ್‌ಮೆಂಟ್ ಸರ್ ಹತ್ತಿರ ಹಳೆಯ ವಿದ್ಯಾರ್ಥಿಗಳ ನಂಬರ್ ಕೇಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಸುಮ್ನೆ ‘ಹಾಯ್, ರೆಫರಲ್ ಬೇಕು’ ಅಂದರೆ ಉತ್ತರ ಬರುವುದಿಲ್ಲ. ಹೀಗೆ ಬರೆಯಿರಿ:

‘ನಮಸ್ಕಾರ ಅಕ್ಕಾರ, ನಾನು ನಿಮ್ಮ ಕಾಲೇಜಿನವನೇ, ಮೆಕ್ಯಾನಿಕಲ್. ನಿಮ್ಮ ಕಂಪನಿಯ ಈ ಜಾಬ್ ಐಡಿಗೆ ಪ್ರಯತ್ನ ಮಾಡ್ತಿದ್ದೇನೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಾಗ ಒಂದು ವರ್ಷ ಅಪ್ರೆಂಟಿಸ್ ಮಾಡೇನಿ, ಆಟೋಕ್ಯಾಡ್ ಬರ್ತದ. ರೆಸ್ಯೂಮೆ ಕಳಿಸೇನಿ. ನೋಡಿ, ಸರಿ ಅನ್ನಿಸಿದರೆ ಅಷ್ಟೇ ರೆಫರ್ ಮಾಡ್ರಿ.’

ಆ ಕೊನೆಯ ಸಾಲನ್ನು ಬಿಡಬೇಡಿ. ನೀವು ಇಂಟರ್‌ವ್ಯೂಗೆ ಹೋಗದೆ ಕೈಕೊಟ್ಟರೆ ಹೆಸರು ಕೆಡುವುದು ಅವರದು. ‘ಇವರು ನಿಮಗೆ ಹೇಗೆ ಗೊತ್ತು?’ ಎಂದು ಎಚ್‌ಆರ್ ಕೇಳಿದಾಗ ಹೇಳಲು ಅವರ ಕೈಯಲ್ಲಿ ಏನಾದರೂ ಇರಬೇಕು.

ಒಪ್ಪಿದರೆ ನಿಮ್ಮ ಮೇಲ್‌ಗೆ ಲಿಂಕ್ ಬರಬಹುದು. ಅದರಿಂದಲೇ, ಅದೇ ಮೇಲ್ ಐಡಿ ಕೊಟ್ಟು ಅರ್ಜಿ ತುಂಬಿ.

ಕಂಪನಿ ನಡೆಸುವವರಿಗೂ ಒಂದು ಮಾತು. ರೆಫರಲ್ ಒಂದನ್ನೇ ನೆಚ್ಚಿಕೊಂಡರೆ ಒಂದೇ ಕಾಲೇಜಿನವರು, ಒಂದೇ ಊರಿನವರು ತುಂಬಿಕೊಳ್ಳುತ್ತಾರೆ. ಯಾರ ಪರಿಚಯವೂ ಇಲ್ಲದ ಹಾವೇರಿ ಕಡೆಯ ಜಾಣ ಹುಡುಗಿ ಹೊರಗೇ ಉಳಿಯುತ್ತಾಳೆ. ದಯವಿಟ್ಟು ಹುದ್ದೆಯನ್ನು ಬಹಿರಂಗವಾಗಿಯೂ ಪ್ರಕಟಿಸಿ.

ಇನ್ನು ದುಡ್ಡಿನ ವಿಷಯ. ರೆಫರ್ ಮಾಡಿದವರಿಗೆ ಬೋನಸ್ ಕೊಡುವುದು ಕಂಪನಿ, ಅದೂ ಸಾಮಾನ್ಯವಾಗಿ ಹೊಸಬರು ಕೆಲವು ತಿಂಗಳು ಕೆಲಸ ಮಾಡಿದ ಮೇಲೆ. ರೆಫರಲ್ ಕೊಡಿಸುತ್ತೇನೆ ಎಂದು ನಿಮ್ಮ ಹತ್ತಿರ ಯಾರಾದರೂ ಹಣ ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.