ಹಳೆಯ ಮರದ ಸಾಮಾನಿಗೆ ಮನೆಯಲ್ಲೇ ಮಾಡಿದ ಮೇಣದ ಪಾಲಿಷ್

ನಮ್ಮ ಮನೆಯ ಬೀಟೆ ಕುರ್ಚಿ, ತೇಗದ ಕಪಾಟು ಎಲ್ಲಕ್ಕೂ ನಾನೇ ಮಾಡಿದ ಪಾಲಿಷ್ ಹಚ್ಚುತ್ತೇನೆ. ಬೇಕಾದದ್ದು ಜೇನುಮೇಣ ಮತ್ತು ಟರ್ಪೆಂಟೈನ್, ಅಷ್ಟೇ. ಮೇಣ ಸುಲಭವಾಗಿ ಸಿಗುತ್ತದೆ. ಟರ್ಪೆಂಟೈನ್ ಕೊಳ್ಳುವಾಗ ಮಾತ್ರ ಸ್ವಲ್ಪ ನೋಡಬೇಕು.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವುದು ಮಿನರಲ್ ಟರ್ಪೆಂಟೈನ್. ಅದು ಪೆಟ್ರೋಲಿಯಂ ಮಾಲು, ಸೀಮೆಎಣ್ಣೆಯ ವಾಸನೆ ಬರುತ್ತದೆ. ಬ್ರಷ್ ತೊಳೆಯಲು ಸಾಕು. ಅಸಲಿಯದು ಪೈನ್ ಮರದ ರಾಳವನ್ನು ಭಟ್ಟಿ ಇಳಿಸಿ ತೆಗೆದದ್ದು. ನಮ್ಮ ದೇಶದಲ್ಲಿ ಹಿಮಾಚಲ, ಉತ್ತರಾಖಂಡದ ಚೀರ್ ಪೈನ್ ಕಾಡುಗಳಲ್ಲಿ ಈ ರಾಳ ಇಳಿಸುತ್ತಾರೆ. ಎಣ್ಣೆ ಹೋದ ಮೇಲೆ ಉಳಿಯುವ ಗಟ್ಟಿಯೇ ರೋಸಿನ್. ಪಿಟೀಲಿನ ಕಮಾನಿಗೆ ಉಜ್ಜುತ್ತಾರಲ್ಲ, ಅದೇ. ಮಂಗಳಾರತಿಯ ಕರ್ಪೂರವೂ ಈಗ ಹೆಚ್ಚಾಗಿ ಟರ್ಪೆಂಟೈನ್‌ನಿಂದಲೇ ಕಾರ್ಖಾನೆಯಲ್ಲಿ ತಯಾರಾಗುತ್ತದೆ! ನಾನು ಈ ಅಸಲಿ ಟರ್ಪೆಂಟೈನನ್ನು ಚಿತ್ರಕಲೆಯ ಸಾಮಾನು ಮಾರುವ ಅಂಗಡಿಯಲ್ಲಿ ಕೊಳ್ಳುತ್ತೇನೆ. ಬೆಲೆ ಜಾಸ್ತಿ, ಆದರೆ ಕೋಣೆಯಲ್ಲಿ ಆ ಪೈನ್ ವಾಸನೆ ನನಗಿಷ್ಟ.

ಒಂದು ಪಾಲು ಮೇಣ ತುರಿದು, ತೂಕದಲ್ಲಿ ಅದರ ನಾಲ್ಕರಷ್ಟು ಟರ್ಪೆಂಟೈನ್ ಜೊತೆ ಗಾಜಿನ ಜಾಡಿಗೆ ಹಾಕಿ, ಮುಚ್ಚಿ ಇಡುತ್ತೇನೆ. ರಾತ್ರಿ ಕಳೆಯುವಷ್ಟರಲ್ಲಿ ಮೇಣ ಮೆತ್ತಗಾಗಿರುತ್ತದೆ. ಆಮೇಲೆ ಕಡ್ಡಿಯಿಂದ ಕದಡಿದರೆ ಬೆಣ್ಣೆಯ ಹದಕ್ಕೆ ಬರುತ್ತದೆ. ಒಲೆಯ ಮೇಲೆ ಇಡಲೇಬಾರದು. ಸುಮಾರು 35 ಡಿಗ್ರಿಗೇ ಇದರ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಅದಕ್ಕಿಂತ ಬಿಸಿಲು ಇರುತ್ತದೆ, ಅಲ್ವಾ? ಹಾಗಾಗಿ ಕಿಟಕಿ ತೆರೆದು, ದೀಪ, ಊದಿನಕಡ್ಡಿ ಎಲ್ಲ ಆರಿಸಿಯೇ ಕೂರುತ್ತೇನೆ.

ಹಚ್ಚುವ ಮೊದಲು ಬಟ್ಟೆಗೆ ಬರೀ ಟರ್ಪೆಂಟೈನ್ ತಾಗಿಸಿ ಮರ ಒರೆಸುತ್ತೇನೆ. ಹಳೆಯ ಮೇಣ, ಜಿಡ್ಡು ಕಪ್ಪಾಗಿ ಬಟ್ಟೆಗೆ ಬರುತ್ತದೆ. ಅಡಿಯಲ್ಲಿ ಅರಗಿನ ಪಾಲಿಷ್ ಇದ್ದರೆ ಅದಕ್ಕೇನೂ ಆಗದು. ಅರಗು ಕರಗುವುದು ಸ್ಪಿರಿಟ್‌ನಲ್ಲಿ. ನಂತರ ಪಾಲಿಷನ್ನು ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹಳೆಯ ಪಂಚೆಯ ತುಂಡಿನಿಂದ ಉಜ್ಜಬೇಕು. ದಪ್ಪ ಹಚ್ಚಿದರೆ ಅಂಟಂಟಾಗಿ ಧೂಳು ಹಿಡಿಯುತ್ತದೆ.

ಹಿಂದೆ ಕರ್ಪೂರ ಕರಗಿಸಿದ ಟರ್ಪೆಂಟೈನನ್ನು ಮಂಡಿನೋವಿಗೆ ತಿಕ್ಕುತ್ತಿದ್ದರು. ಕೆಲವರು ಕುಡಿಯಲು ಸಹ ಹೇಳುತ್ತಾರೆ. ಅದು ವಿಷ, ದಯವಿಟ್ಟು ಬೇಡ. ನಾನು ಮೈಗೂ ಹಚ್ಚುವುದಿಲ್ಲ, ಕೆಲಸಕ್ಕೆ ಕೈಗವಸು ಹಾಕುತ್ತೇನೆ. ಗಾಳಿ ತಾಗುತ್ತಾ ಹಳೆಯದಾದಂತೆ ಇದು ಚರ್ಮಕ್ಕೆ ಇನ್ನಷ್ಟು ತುರಿಕೆ ತರುತ್ತದೆ. ಅದಕ್ಕೇ ದೊಡ್ಡ ಡಬ್ಬಿ ತರುವುದಿಲ್ಲ. ಚಿಕ್ಕ ಗಾಜಿನ ಬಾಟಲಿ ತಂದು ಬೇಗ ಮುಗಿಸುತ್ತೇನೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯದೆ, ಹೊರಗೆ ಹರವಿ ಒಣಗಿಸುತ್ತೇನೆ.