ಒಂಬತ್ತನೇ ಕ್ಲಾಸಿನ ಆನರ್ಸ್ ಇಂಗ್ಲಿಷ್: ಕತೆ ಹೇಳಿದರೆ ಅಂಕ ಬರುವುದಿಲ್ಲ

ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಸಾಮಾನ್ಯವಾಗಿ ಒಂಬತ್ತನೇ ತರಗತಿಯಿಂದ ಶುರು. ಆ ಮೊದಲ ವರ್ಷದಲ್ಲೇ ಆನರ್ಸ್ ಇಂಗ್ಲಿಷ್ (ಸಾಮಾನ್ಯ ತರಗತಿಗಿಂತ ಕಠಿಣವಾದ ಕೋರ್ಸು) ಆರಿಸಿಕೊಂಡ ಹದಿನಾಲ್ಕರ ಮಕ್ಕಳಿಗೆ ನಾನು ಪಾಠ ಮಾಡುತ್ತೇನೆ. ಸನಿವೇಲ್, ಫ್ರೀಮಾಂಟ್ ಕಡೆಯ ಕನ್ನಡದ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಗ್ರಾಮರ್ ಎಷ್ಟಿರುತ್ತದೆ ಎಂದು. ಗ್ರಾಮರ್ ಇದೆ, ಆದರೆ ಮಕ್ಕಳು ಎಡವುವುದು ಅಲ್ಲಲ್ಲ.

ಎಡವುವುದು ಮೊದಲ ಪ್ರಬಂಧದಲ್ಲಿ. ಎಂಟನೇ ಕ್ಲಾಸಿನವರೆಗೆ ಎ ಪಡೆದವರು ನೀಟಾಗಿ ಮೂರು ಪುಟ ಬರೆದು ತರುತ್ತಾರೆ. ಓದಿದರೆ ಪೂರ್ತಿ ಕತೆಯ ಸಾರಾಂಶ. ಸಿ ಹಾಕಬೇಕಾಗುತ್ತದೆ. ಕತೆಯಲ್ಲಿ ಏನಾಯಿತು ಎಂಬುದು ಓದಿದವರಿಗೆಲ್ಲ ಗೊತ್ತು. ಬರೆದವನು ಅದನ್ನು ಹೇಗೆ ಕಟ್ಟಿದ, ಹಾಗೆ ಕಟ್ಟಿದ್ದರಿಂದ ಏನು ಸಾಧಿಸಿದ ಎಂಬುದೇ ಇಲ್ಲಿ ಕೇಳುವ ಪ್ರಶ್ನೆ.

ರೋಮಿಯೋ ಜೂಲಿಯೆಟ್ ನಾಟಕವನ್ನೇ ತೆಗೆದುಕೊಳ್ಳಿ. ಒಂಬತ್ತನೇ ತರಗತಿಯಲ್ಲಿ ಅದನ್ನು ಓದಿಸುವ ಶಾಲೆಗಳು ಬಹಳ. ‘ಔತಣದಲ್ಲಿ ರೋಮಿಯೋ ಜೂಲಿಯೆಟ್‌ಳನ್ನು ಕಂಡು ಮರುಳಾಗುತ್ತಾನೆ’ ಎಂದರೆ ಸಾರಾಂಶ. ಅದೇ ಮೊದಲ ಭೇಟಿಯ ಮಾತುಗಳನ್ನು ಎಣಿಸಿ ನೋಡಿ: ಅವನದು ನಾಲ್ಕು ಸಾಲು, ಅವಳದು ನಾಲ್ಕು, ಉಳಿದ ಆರನ್ನು ಇಬ್ಬರೂ ಹಂಚಿಕೊಂಡು ಹದಿನಾಲ್ಕು ಸಾಲಿನ ಒಂದು ಪೂರ್ಣ ಸಾನೆಟ್ ಆಗುತ್ತದೆ. ‘ಒಬ್ಬ ಪ್ರೇಮಿ ಹಾಡಿ ಹೊಗಳುವ ಪದ್ಯರೂಪವನ್ನು ಇಬ್ಬರ ಬಾಯಿಗೆ ಹಂಚಿ, ಜೂಲಿಯೆಟ್ ಬರೀ ಹೊಗಳಿಸಿಕೊಳ್ಳುವವಳಲ್ಲ, ಸರಿಸಾಟಿ ಎಂದು ಶೇಕ್ಸ್‌ಪಿಯರ್ ತೋರಿಸುತ್ತಾನೆ’ ಎಂದು ಬರೆದರೆ ಅದು ಥೀಸಿಸ್, ಅಂದರೆ ಇಡೀ ಪ್ರಬಂಧ ಸಾಧಿಸಲು ಹೊರಡುವ ವಾದ. ಇದನ್ನು ಯಾರಾದರೂ ಅಲ್ಲಗಳೆಯಬಹುದು. ಅಲ್ಲಗಳೆಯಲು ಆಗದ ವಾಕ್ಯ ಥೀಸಿಸ್ ಅಲ್ಲ ಎಂದು ಮೊದಲ ವಾರದಿಂದಲೇ ಹೇಳುತ್ತಿರುತ್ತೇನೆ.

ಪ್ಯಾರಾ ಕಟ್ಟಲು ನಾನು ಕಲಿಸುವ ಅಳತೆ ಇದು: ಒಂದು ಉದ್ಧರಣೆ ಕೊಟ್ಟರೆ ಅದಕ್ಕೆ ಕನಿಷ್ಠ ಎರಡು ವಾಕ್ಯ ನಿಮ್ಮದೇ ವಿವರಣೆ. ಉದ್ಧರಣೆ ಆದಷ್ಟೂ ಚಿಕ್ಕದಿರಲಿ, ಮೂರರಿಂದ ಎಂಟು ಪದ, ನಿಮ್ಮ ವಾಕ್ಯದೊಳಗೇ ಹೊಂದಿಕೊಳ್ಳಲಿ. ಐದು ಸಾಲು ಎತ್ತಿ ಹಾಕಿ ‘ಇದು ಅವನ ಪ್ರೀತಿಯನ್ನು ತೋರಿಸುತ್ತದೆ’ ಎಂದು ಮುಗಿಸುವುದೇ ಅತಿ ಸಾಮಾನ್ಯ ತಪ್ಪು. ಆ ಐದು ಸಾಲಿನಲ್ಲಿ ಯಾವ ಪದ ತೋರಿಸುತ್ತದೆ? ಅಲ್ಲಿಗೆ ಬೆರಳಿಡಬೇಕು.

ಪುಟದ ಕಟ್ಟಳೆ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಪದ್ಧತಿಯದು: 12ರ ಅಕ್ಷರ, ಎರಡು ಪಟ್ಟು ಸಾಲಂತರ, ನಾಲ್ಕೂ ಕಡೆ ಒಂದಿಂಚು ಅಂಚು, ಬಲ ಮೇಲ್ತುದಿಯಲ್ಲಿ ಕೊನೆಯ ಹೆಸರು ಮತ್ತು ಪುಟಸಂಖ್ಯೆ. ಪದ್ಯನಾಟಕದಿಂದ ಉದ್ಧರಿಸಿದರೆ ಅದರ ಮುಂದೆ ಪುಟಸಂಖ್ಯೆಯ ಬದಲು ನಾಟಕದ ಅಂಕ, ದೃಶ್ಯ, ಸಾಲು. ಸಾಲಿನ ಸಂಖ್ಯೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತದೆ, ಹಾಗಾಗಿ ಇಂಟರ್ನೆಟ್ಟಿನ ಪಠ್ಯದಿಂದ ಎತ್ತಿದವರು ಸಿಕ್ಕಿಬೀಳುತ್ತಾರೆ. ಕರಡನ್ನು ಗೂಗಲ್ ಡಾಕ್ಸ್‌ನಲ್ಲೇ ಮೊದಲ ವಾಕ್ಯದಿಂದ ಬರೆಯಲು ಹೇಳುತ್ತೇನೆ. ‘ನಾನೇ ಬರೆದದ್ದು’ ಎನ್ನುವುದಕ್ಕೆ ಬದಲಾವಣೆಗಳ ಇತಿಹಾಸವೇ ಸಾಕ್ಷಿ. ಒಂದೇ ಏಟಿಗೆ ಬಂದು ಕೂತ ಎಂಟುನೂರು ಪದಗಳ ಬಗ್ಗೆ ಪ್ರಶ್ನೆ ಏಳದೆ ಇರುವುದಿಲ್ಲ.

ಇನ್ನು ಓದು. ನನ್ನ ತರಗತಿಯಲ್ಲಿ ದಿನಕ್ಕೆ 15ರಿಂದ 25 ಪುಟ. ಟಿಪ್ಪಣಿ ಮಾಡುತ್ತಾ ಓದಿದರೆ ಪುಟಕ್ಕೆ ಮೂರು ನಿಮಿಷ ಹಿಡಿಯಿರಿ, ಒಂದು ಗಂಟೆಯ ಕೆಲಸ. ಇಡೀ ಪುಟಕ್ಕೆ ಹಳದಿ ಬಳಿಯುವುದು ಟಿಪ್ಪಣಿಯಲ್ಲ. ಅಧ್ಯಾಯಕ್ಕೆ ಮೂರೋ ನಾಲ್ಕೋ ಗುರುತು, ಪಕ್ಕದಲ್ಲಿ ‘ಏಕೆ’ ಎಂಬ ಪ್ರಶ್ನೆ. ಪ್ರಬಂಧ ಬರೆಯುವ ರಾತ್ರಿ ಕೈಹಿಡಿಯುವುದು ಅದೇ.

ಕನ್ನಡ ಓದಿದ ಪೋಷಕರಿಗೆ ಒಂದು ಅನುಕೂಲವಿದೆ: ಉಪಮೆ, ರೂಪಕ ಗೊತ್ತಿದ್ದವರು ಅಲಂಕಾರದ ಪಾಠವನ್ನು ಮನೆಯಲ್ಲೇ ಮಾಡಬಲ್ಲರು. ಛಂದಸ್ಸಿನಲ್ಲಿ ಮಾತ್ರ ಹುಷಾರಾಗಿರಬೇಕು. ಲಘು ಗುರು ಹಾಕಿ ಶೇಕ್ಸ್‌ಪಿಯರನಿಗೆ ಪ್ರಸ್ತಾರ ಹಾಕಲು ಹೊರಟರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಅಲ್ಲಿ ಎಣಿಸುವುದು ಉಚ್ಚಾರದ ಒತ್ತನ್ನು, ಮಾತ್ರೆಯನ್ನಲ್ಲ. ‘ವಿಂಡೋ’ ಎಂಬಲ್ಲಿ ನಮ್ಮ ಲೆಕ್ಕಕ್ಕೆ ‘ವಿಂ’, ‘ಡೋ’ ಎರಡೂ ಗುರು. ಇಂಗ್ಲಿಷಿಗೆ ಒತ್ತು ಬೀಳುವುದು ‘ವಿನ್’ ಮೇಲೆ ಮಾತ್ರ. ಗ್ರಾಮರಿನಲ್ಲೂ ಇಂಥದೇ ಒಂದು ಗುಂಡಿ. ‘ಮಳೆ ಬಂತು, ಹೊಳೆ ತುಂಬಿತು’ ಎನ್ನುವುದು ಕನ್ನಡದಲ್ಲಿ ಸೊಗಸು. ಎರಡು ಪೂರ್ಣ ವಾಕ್ಯಗಳನ್ನು ಹೀಗೆ ಬರೀ ಅಲ್ಪವಿರಾಮದಿಂದ ಹೊಲಿದರೆ ಶಾಲೆಯ ಇಂಗ್ಲಿಷಿನಲ್ಲಿ ಕೆಂಪು ಗೆರೆ. ಅರ್ಧವಿರಾಮ ಹಾಕಬೇಕು, ಇಲ್ಲವೇ ಜೋಡಿಸುವ ಪದ ಬೇಕು.

ಸಾಕ್ರಟಿಕ್ ಸೆಮಿನಾರ್ ಎಂಬ ಚರ್ಚೆಯಲ್ಲಿ ಮಕ್ಕಳು ವೃತ್ತವಾಗಿ ಕೂತು ತಾವೇ ಮಾತಾಡಬೇಕು, ಟೀಚರ್ ಸುಮ್ಮನೆ ಗುರುತು ಹಾಕಿಕೊಳ್ಳುತ್ತಾರೆ. ಕರೆಯುವವರೆಗೆ ಕಾಯುವ ಶಿಸ್ತಿನ ಮಗುವಿಗೆ ಇಲ್ಲಿ ಅಂಕ ಹೋಗುತ್ತದೆ. ಎರಡು ಪ್ರಶ್ನೆ, ಮೂರು ಪುಟಸಂಖ್ಯೆ ಬರೆದುಕೊಂಡು ಬರಲಿ; ಮೊದಲ ಐದು ನಿಮಿಷದೊಳಗೆ ಒಮ್ಮೆ ಬಾಯಿಬಿಟ್ಟರೆ ಆಮೇಲೆ ಕಷ್ಟವಿಲ್ಲ.

ತರಗತಿಯಲ್ಲೇ 40 ನಿಮಿಷದಲ್ಲಿ ಬರೆಯುವ ಪ್ರಬಂಧಕ್ಕೆ ಎಂಟು ನಿಮಿಷ ಯೋಜನೆ, 27 ಬರವಣಿಗೆ, ಕೊನೆಯ ಐದು ತಿದ್ದುಪಡಿ. ಯೋಜನೆ ಬಿಟ್ಟು ನೇರ ಬರೆಯಲು ಕೂತವರ ಥೀಸಿಸ್ ಮುಗಿತಾಯದ ಪ್ಯಾರಾದಲ್ಲಿ ಸಿಗುತ್ತದೆ. ಹಾಗಾದರೆ ಆ ವಾಕ್ಯವನ್ನು ಬಾಣ ಹಾಕಿ ಮೊದಲ ಪ್ಯಾರಾಕ್ಕೆ ಎಳೆಯಿರಿ, ನನ್ನ ತರಗತಿಯಲ್ಲಿ ಅದಕ್ಕೆ ಅಂಕ ಕಳೆಯುವುದಿಲ್ಲ.

ಗ್ರೇಡಿನ ಬಗ್ಗೆ ನಿದ್ದೆಗೆಡುವ ಮನೆಗಳಿಗೆ ಒಂದು ಮಾತು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ತನ್ನ ಪ್ರವೇಶಕ್ಕೆ ಜಿಪಿಎ (ಗ್ರೇಡುಗಳ ಸರಾಸರಿ) ಲೆಕ್ಕ ಹಾಕುವುದು ಒಂಬತ್ತು ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗಿನ ಗ್ರೇಡುಗಳಿಂದ. ಒಂಬತ್ತರ ಇಂಗ್ಲಿಷಿನಲ್ಲಿ ಕನಿಷ್ಠ ಸಿ ಬೇಕು, ಅದು ಅಂಕಪಟ್ಟಿಯಲ್ಲೂ ಕಾಣುತ್ತದೆ. ಆದರೆ ಸೆಪ್ಟೆಂಬರಿನ ಮೊದಲ ಪ್ರಬಂಧಕ್ಕೆ ಬಂದ ಬಿ ಮೈನಸ್‌ಗಾಗಿ ಟ್ಯೂಷನ್ ಹುಡುಕುವ ಮುನ್ನ ಆ ಪ್ರಬಂಧವನ್ನೇ ಇನ್ನೊಮ್ಮೆ ತಿದ್ದಿ ಕೊಡಬಹುದೇ ಎಂದು ಟೀಚರನ್ನು ಕೇಳಿಸಿ. ಮಗುವೇ ಕೇಳಲಿ, ನಿಮ್ಮ ಇಮೇಲ್ ಬೇಡ.