ನಡೆಯುವಾಗ ಮೀನಖಂಡದ ಕರೆಂಟ್ ಅಳೆಯುವುದು ಹೇಗೆ?

ಮೊಣಕಾಲಿನ ಕೆಳಗೆ, ಹಿಂಭಾಗದಲ್ಲಿ ಉಬ್ಬಿಕೊಂಡಿರುವ ಮಾಂಸಖಂಡವೇ ಮೀನಖಂಡ. ನಡುರಾತ್ರಿ ಹಿಡಿದುಕೊಂಡು ಜೀವ ಹಿಂಡುತ್ತದಲ್ಲ, ಅದೇ. ನರದಿಂದ ಆಜ್ಞೆ ಬಂದಾಗಲೆಲ್ಲ ಈ ಸ್ನಾಯುವಿನ ಎಳೆಗಳ ಉದ್ದಕ್ಕೂ ಸಣ್ಣದೊಂದು ವಿದ್ಯುತ್ ಅಲೆ ಓಡುತ್ತದೆ. ಚರ್ಮದ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಅದನ್ನು ಹಿಡಿಯುವುದಕ್ಕೆ ಸರ್ಫೇಸ್ ಇಎಂಜಿ (ಎಲೆಕ್ಟ್ರೋಮಯೋಗ್ರಫಿ) ಅಂತ ಹೆಸರು. ಸೂಜಿ ಚುಚ್ಚಿ ಮಾಡುವ ಇಎಂಜಿ ಬೇರೆ, ಅದು ಡಾಕ್ಟರ ಕೆಲಸ, ನಮಗೆ ಬೇಡ. ಎಂಜಿನಿಯರಿಂಗ್ ಅಥವಾ ಫಿಸಿಯೋಥೆರಪಿ ಓದುವವರು, ಕುತೂಹಲ ಇರುವ ಓಟಗಾರರು ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ದುಬಾರಿ ಯಂತ್ರ ಇದ್ದರಷ್ಟೇ ಆಗುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಇದರಲ್ಲಿ ಮುಕ್ಕಾಲು ಕೆಲಸ ಚರ್ಮ, ಅಂಟು, ವೈರು ಇಷ್ಟರಲ್ಲೇ ಮುಗಿಯುತ್ತದೆ.

ಮೊದಲು ಸಾಮಾನು

ಬಳಸಿ ಬಿಸಾಡುವ ಇಸಿಜಿ ಎಲೆಕ್ಟ್ರೋಡ್‌ಗಳು, ಸರ್ಜಿಕಲ್ ಸ್ಪಿರಿಟ್, ಹತ್ತಿ, ರೇಜರ್, ಮೈಕ್ರೋಪೋರ್ ಟೇಪ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ. ಜೊತೆಗೆ ಒಂದು ಇಎಂಜಿ ಸೆನ್ಸರ್ ಬೋರ್ಡ್, ಒಂದು ಆರ್ಡುಯಿನೊ (ಸೆನ್ಸರಿನ ಅಂಕಿ ಓದಿ ಲ್ಯಾಪ್‌ಟಾಪಿಗೆ ಕಳಿಸುವ ಪುಟ್ಟ ಬೋರ್ಡ್), ಒಂದು ಲ್ಯಾಪ್‌ಟಾಪ್. ಬೋರ್ಡಿಗೆ ಮಯೋವೇರ್ ಆಗಬಹುದು, ನಮ್ಮ ದೇಶದ್ದೇ ಆದ ಬಯೋಆಂಪ್ ಇಎಕ್ಸ್‌ಜಿ ಪಿಲ್ ಕೂಡ ಆಗಬಹುದು. ಅಗ್ಗ ಅಂತ ಎಡಿ8232 ಮಾಡ್ಯೂಲ್ ಮಾತ್ರ ತರಬೇಡಿ. ಅದು ಹೃದಯಕ್ಕೆ ಮಾಡಿದ್ದು, ಸಾಮಾನ್ಯವಾಗಿ ಸಿಗುವ ಬೋರ್ಡಿನಲ್ಲಿ 40 ಹರ್ಟ್ಸ್‌ಗಿಂತ ಮೇಲಿನದ್ದನ್ನು ಸೋಸಿ ಎಸೆಯುತ್ತದೆ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ). ಸ್ನಾಯುವಿನ ಸಿಗ್ನಲ್ ಇರುವುದೇ ಸುಮಾರು 20ರಿಂದ 450 ಹರ್ಟ್ಸ್ ನಡುವೆ. ಎಸೆದದ್ದರಲ್ಲೇ ಎಲ್ಲಾ ಹೋಯಿತಲ್ವಾ?

ಇನ್ನೊಂದು ವಿಷಯದಲ್ಲಿ ರಾಜಿ ಬೇಡ. ಎಲೆಕ್ಟ್ರೋಡ್ ಮೈಮೇಲಿರುವಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಬೇಕು, ಚಾರ್ಜರ್ ಕಿತ್ತಿರಬೇಕು. ಪೇಸ್‌ಮೇಕರ್ ಇರುವವರು ಇದನ್ನು ಮಾಡುವುದೇ ಬೇಡ. ಗಾಯ, ತುರಿಕೆ ಇರುವ ಚರ್ಮದ ಮೇಲೂ ಬೇಡ.

ಜಾಗ ಹುಡುಕಿ

ಗೋಡೆ ಹಿಡಿದು ತುದಿಗಾಲಲ್ಲಿ ನಿಂತುಕೊಳ್ಳಿ. ಮೀನಖಂಡ ಎರಡು ಭಾಗವಾಗಿ ಉಬ್ಬುತ್ತದೆ. ಒಳಬದಿಯ ಉಬ್ಬು ದೊಡ್ಡದು, ಹೊರಬದಿಯದ್ದಕ್ಕಿಂತ ತುಸು ಕೆಳಗಿನವರೆಗೂ ಇಳಿದಿರುತ್ತದೆ. ಎರಡೂ ಸೇರಿ ಗ್ಯಾಸ್ಟ್ರಾಕ್ನೀಮಿಯಸ್. ಅದರ ಅಡಿಯಲ್ಲಿ ಚಪ್ಪಟೆಯಾಗಿ ಸೋಲಿಯಸ್ ಅನ್ನುವ ಇನ್ನೊಂದು ಸ್ನಾಯು ಇದೆ. ಮೊದಲ ಸಲಕ್ಕೆ ಒಳಬದಿಯ ಉಬ್ಬೇ ಸುಲಭ. ಅತಿ ಹೆಚ್ಚು ಉಬ್ಬಿದ ಕಡೆ ಪೆನ್ನಿನಲ್ಲಿ ಗುರುತು ಮಾಡಿ. ಯುರೋಪಿನಲ್ಲಿ 1990ರ ದಶಕದಲ್ಲಿ ಸೆನಿಯಾಮ್ ಎಂಬ ಯೋಜನೆಯವರು ಯಾವ ಸ್ನಾಯುವಿಗೆ ಎಲೆಕ್ಟ್ರೋಡ್ ಎಲ್ಲಿ ಇಡಬೇಕು ಅಂತ ಒಂದು ಪಟ್ಟಿಯನ್ನೇ ಮಾಡಿಟ್ಟರು. ಇದಕ್ಕೆ ಅವರು ಹೇಳುವುದೂ ಇದೇ ಜಾಗ.

ಚರ್ಮ ಉಜ್ಜಿ

ಬಹಳ ಜನ ಬೇಜಾರು ಮಾಡಿಕೊಂಡು ಹಾರಿಸಿಬಿಡುವುದು ಈ ಹಂತವನ್ನೇ. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಮೊದಲು ಸೋಪು ಹಾಕಿ ತೊಳೆಯಿರಿ. ಆಮೇಲೆ ಅಷ್ಟು ಜಾಗದ ಕೂದಲು ಬೋಳಿಸಿ, ಸ್ಪಿರಿಟ್ ಹತ್ತಿಯಿಂದ ಚರ್ಮ ತುಸು ಕೆಂಪಾಗುವವರೆಗೆ ಉಜ್ಜಿ, ಪೂರ್ತಿ ಒಣಗಲು ಬಿಡಿ. ಚರ್ಮದ ಮೇಲಿನ ಸತ್ತ ಪದರ ವಿದ್ಯುತ್ತಿಗೆ ಅಡ್ಡ. 19ನೇ ಶತಮಾನದ ನಡುವೆ ಬರ್ಲಿನ್‌ನ ಎಮಿಲ್ ಡುಬ್ವಾ-ರೇಮೊಂ ಮನುಷ್ಯರ ಸ್ನಾಯುವಿನ ವಿದ್ಯುತ್ತನ್ನು ಅಳೆಯಲು ಹೊರಟಾಗ ಇದೇ ಅಡ್ಡಿ ಎದುರಾಯಿತು. ಆತ ಚರ್ಮದಲ್ಲಿ ಬೊಬ್ಬೆ ಬರಿಸಿ, ಆ ಸಿಪ್ಪೆ ಕಿತ್ತು ಅಳೆದ! ನಿಮಗೆ ಹತ್ತಿ ಸಾಕು.

ಎರಡು ಎಲೆಕ್ಟ್ರೋಡ್‌ಗಳನ್ನು ಕಾಲಿನ ಉದ್ದಕ್ಕೆ, ಒಂದರ ಕೆಳಗೊಂದು ಬರುವಂತೆ ಅಂಟಿಸಿ. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 2 ಸೆಂಟಿಮೀಟರ್ ಇರಲಿ. ಇಸಿಜಿ ಎಲೆಕ್ಟ್ರೋಡಿನ ಫೋಮ್ ಅಗಲವಾಗಿರುವುದರಿಂದ ಒಂದರ ಮೇಲೊಂದು ಹತ್ತಿಕೊಳ್ಳಬಹುದು, ಅಂಚನ್ನು ಕತ್ತರಿಸಿಕೊಳ್ಳಿ. ನಡುವಿನ ಜೆಲ್ ಮುಟ್ಟಬೇಡಿ. ಎರಡರ ಜೆಲ್ ಒಂದಕ್ಕೊಂದು ತಾಗಿತೋ, ಬೆವರು ಸೇತುವೆ ಕಟ್ಟಿತೋ, ಲ್ಯಾಪ್‌ಟಾಪಿನಲ್ಲಿ ಕಾಣುವ ಸಿಗ್ನಲ್ ಗೆರೆ ಸತ್ತೇಹೋಗುತ್ತದೆ. ಮೂರನೆಯದನ್ನು, ಅಂದರೆ ರೆಫರೆನ್ಸ್ ಎಲೆಕ್ಟ್ರೋಡನ್ನು, ಸ್ನಾಯು ಇಲ್ಲದ ಕಡೆ, ಪಾದದ ಗಿಣ್ಣಿನ ಮೂಳೆಯ ಮೇಲೆ ಹಾಕಿ.

ಇನ್ನು ವೈರು. ಕೂತು ಅಳೆಯುವಾಗ ಅದು ಏನೂ ತೊಂದರೆ ಕೊಡುವುದಿಲ್ಲ, ಎದ್ದು ನಡೆದ ಕೂಡಲೇ ಶುರು. ಹೆಜ್ಜೆ ಹಾಕಿದಾಗಲೆಲ್ಲ ವೈರು ಓಲಾಡಿ, ಎಲೆಕ್ಟ್ರೋಡನ್ನು ಎಳೆದು, ಗೆರೆಯನ್ನು ಬೆಟ್ಟದಂತೆ ಎತ್ತಿ ಇಳಿಸುತ್ತದೆ, ನೋಡಿದವರು ಅದನ್ನೇ ಸ್ನಾಯು ಅಂದುಕೊಳ್ಳುತ್ತಾರೆ. ಎಲೆಕ್ಟ್ರೋಡಿನ ಪಕ್ಕದಲ್ಲೇ ವೈರನ್ನು ಒಂದು ಸುತ್ತು ಸಡಿಲ ಬಿಟ್ಟು ಮೈಕ್ರೋಪೋರ್ ಹಾಕಿ, ಮೇಲೆ ಬಿಗಿಯಾದ ಕಾಲ್ಚೀಲ ಎಳೆದುಕೊಳ್ಳಿ. ಈ ಓಲಾಟ ಹೆಚ್ಚಾಗಿ 20 ಹರ್ಟ್ಸ್‌ಗಿಂತ ಕೆಳಗಿರುತ್ತದೆ, ಉಳಿದದ್ದನ್ನು ಫಿಲ್ಟರ್ ನೋಡಿಕೊಳ್ಳುತ್ತದೆ.

ರೆಕಾರ್ಡ್ ಮಾಡುವ ಮುಂಚೆ

ಸೆಕೆಂಡಿಗೆ ಕನಿಷ್ಠ 1000 ಸಲ ಅಳೆಯುವಂತೆ ಆರ್ಡುಯಿನೊಗೆ ಹೇಳಿ. ಹೇಳಿದ ಮೇಲೆ ಬಾಡ್ ರೇಟ್, ಅಂದರೆ ಲ್ಯಾಪ್‌ಟಾಪಿಗೆ ಅಂಕಿ ಕಳಿಸುವ ವೇಗ, 9600ರಲ್ಲೇ ಬಿಟ್ಟರೆ ಅಷ್ಟು ಅಂಕಿ ಆಚೆ ಬರಲ್ಲ, 115200 ಮಾಡಿ. ಈಗ ಕಾಲು ಸಡಿಲ ಬಿಟ್ಟು ಕೂತುಕೊಳ್ಳಿ. ಗೆರೆ ಹೆಚ್ಚು ಕಡಿಮೆ ಚಪ್ಪಟೆ ಇರಬೇಕು. ಒಂದೇ ಸಮನೆ ನಡುಗುತ್ತಿದ್ದರೆ ಅದು ಮನೆಯ ಕರೆಂಟಿನ 50 ಹರ್ಟ್ಸ್. ಸಾಫ್ಟ್‌ವೇರ್‌ನಲ್ಲಿ 50 ಅನ್ನು ಕತ್ತರಿಸೋಣ ಅನಿಸುತ್ತದೆ, ಆದರೆ ಸ್ನಾಯುವಿನ ಒಳ್ಳೆಯ ಸಿಗ್ನಲ್ ಇರುವುದೂ ಅಲ್ಲೇ ಸುತ್ತಮುತ್ತ, ಅದೂ ಕತ್ತರಿಸಿ ಹೋಗುತ್ತದೆ. ಅದರ ಬದಲು ಸ್ವಿಚ್‌ಬೋರ್ಡ್, ಟ್ಯೂಬ್‌ಲೈಟ್‌ನಿಂದ ದೂರ ಹೋಗಿ. ರೆಫರೆನ್ಸ್ ಎಲೆಕ್ಟ್ರೋಡನ್ನು ಇನ್ನೊಮ್ಮೆ ಒತ್ತಿ.

ತುದಿಗಾಲಲ್ಲಿ ನಿಂತರೆ ಗೆರೆ ದಪ್ಪಗಾಗಬೇಕು. ಪಾದವನ್ನು ಮೇಲಕ್ಕೆ, ಮೊಣಕಾಲಿನ ಕಡೆ ಎಳೆದರೆ ಸುಮ್ಮನಿರಬೇಕು. ಆಗಲೂ ಜೋರಾಗಿ ಕುಣಿದರೆ ಪಕ್ಕದ ಸ್ನಾಯುವಿನ ಸದ್ದು ಒಳಗೆ ಬರುತ್ತಿದೆ ಅಥವಾ ಎಲೆಕ್ಟ್ರೋಡ್ ಜಾರಿದೆ.

ಅಳತೆಗೋಲೂ ಬೇಕು. ಗೋಡೆಗೆ ಬೆರಳು ತಾಗಿಸಿಕೊಂಡು ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಿ. ಯಾರಾದರೂ ಹೆಗಲ ಮೇಲೆ ಕೈಯಿಟ್ಟು ಕೆಳಕ್ಕೆ ಒತ್ತಲಿ. ಕೆಲವು ಸೆಕೆಂಡ್ ಪೂರ್ತಿ ಬಲ ಹಾಕಿ, ಒಂದೆರಡು ನಿಮಿಷ ಸುಧಾರಿಸಿಕೊಂಡು ಮತ್ತೆರಡು ಸಲ ಮಾಡಿ. ಸಿಕ್ಕಿದ ಗರಿಷ್ಠವೇ ನಿಮ್ಮ ಶೇ 100. ಜಿಗಿದಾಗ 100 ದಾಟಿದರೆ ಗಾಬರಿ ಬೇಡ, ಹಾಗಾಗುವುದುಂಟು.

ಈಗ ನಡೆಯಿರಿ

ಹಿಮ್ಮಡಿ ಯಾವಾಗ ನೆಲ ಮುಟ್ಟಿತು ಅಂತ ಗೊತ್ತಿಲ್ಲದಿದ್ದರೆ ಗೆರೆಗೆ ಅರ್ಥವೇ ಇಲ್ಲ. ಹಿಮ್ಮಡಿಯಡಿ ಒಂದು ಒತ್ತಡದ ಸೆನ್ಸರ್ ಇಟ್ಟು ಆರ್ಡುಯಿನೊದ ಇನ್ನೊಂದು ಪಿನ್ನಿಗೆ ಕೊಡಿ. ನಿಮಗೆ ಅಭ್ಯಾಸವಾದ ವೇಗದಲ್ಲೇ ನಡೆಯಿರಿ, ಮೊದಲ ಮತ್ತು ಕೊನೆಯ ಹೆಜ್ಜೆಗಳನ್ನು ಬಿಟ್ಟು ನಡುವಿನವನ್ನು ಇಟ್ಟುಕೊಳ್ಳಿ.

ಲೆಕ್ಕ ಕಷ್ಟದ್ದಲ್ಲ. ಸರಾಸರಿಯನ್ನು ಕಳೆಯಿರಿ, 20ರಿಂದ 450 ಹರ್ಟ್ಸ್ ಫಿಲ್ಟರ್ ಹಾಕಿ, ಮೈನಸ್ ಎಲ್ಲಾ ಪ್ಲಸ್ ಮಾಡಿ, 6 ಹರ್ಟ್ಸ್ ಲೋ-ಪಾಸ್‌ನಲ್ಲಿ (6ಕ್ಕಿಂತ ಮೇಲಿನದ್ದನ್ನು ಸೋಸುವ ಫಿಲ್ಟರ್) ನಯ ಮಾಡಿ. ಆಮೇಲೆ ಒಂದು ಹಿಮ್ಮಡಿಯಿಂದ ಅದೇ ಕಾಲಿನ ಮುಂದಿನ ಹಿಮ್ಮಡಿಯವರೆಗೆ ಶೇ 0ರಿಂದ 100 ಎಂದು ಹಿಗ್ಗಿಸಿ, ಎಲ್ಲಾ ಹೆಜ್ಜೆಗಳ ಸರಾಸರಿ ತೆಗೆಯಿರಿ.

ಹಿಮ್ಮಡಿ ನೆಲ ಮುಟ್ಟಿದಾಗ ಮೀನಖಂಡ ಹೆಚ್ಚು ಕಡಿಮೆ ಸುಮ್ಮನಿರುತ್ತದೆ. ಶೇ 10ರ ಆಸುಪಾಸಿನಲ್ಲಿ ಏಳಲು ಶುರು, 40ರಿಂದ 50ರ ನಡುವೆ ತುದಿ. ಆಮೇಲೆ ದಿಢೀರನೆ ಇಳಿದು, ಬೆರಳು ನೆಲ ಬಿಡುವ ಮುಂಚೆಯೇ ಆಫ್! ಬೆರಳು ನೆಲ ಬಿಡುವುದು ಸುಮಾರು ಶೇ 60ಕ್ಕೆ. ಅಂದರೆ ನಾವು ಅಂದುಕೊಂಡ ಹಾಗೆ ಇದು ಬರೀ ತಳ್ಳುವ ಸ್ನಾಯು ಅಲ್ಲ. ಮೈಭಾರ ಪಾದದ ಮೇಲೆ ಮುಂದಕ್ಕೆ ಸಾಗುವಾಗ ಮೊಣಕಾಲಿನ ಕೆಳಗಿನ ಕಾಲು ಮುಂದಕ್ಕೆ ಮುಗ್ಗರಿಸದಂತೆ ಹಿಡಿದಿಡುವ ಬ್ರೇಕಿನ ಕೆಲಸವೇ ಜಾಸ್ತಿ ಹೊತ್ತು ನಡೆಯುತ್ತದೆ, ತಳ್ಳುವುದು ಕೊನೆಯಲ್ಲಿ ಸ್ವಲ್ಪ ಹೊತ್ತು. ಗೆರೆ ಎದ್ದ ಕೆಲವು ಹತ್ತು ಮಿಲಿಸೆಕೆಂಡ್ ಬಿಟ್ಟೇ ಬಲ ಬರುತ್ತದೆ ಅನ್ನುವುದನ್ನೂ ನೆನಪಿಡಿ.

ಮೆಟ್ಟಿಲು ಇಳಿದು ನೋಡಿ, ಇನ್ನೂ ಮಜಾ ಇದೆ. ಪಾದದ ಮುಂಭಾಗ ಕೆಳಗಿನ ಮೆಟ್ಟಿಲು ಮುಟ್ಟುವ ಮೊದಲೇ ಮೀನಖಂಡ ಎಚ್ಚರಗೊಂಡಿರುತ್ತದೆ.

ಗೆರೆ ಎತ್ತರ ಇದ್ದವರ ಕಾಲು ಗಟ್ಟಿ ಅಂತ ಮಾತ್ರ ತೀರ್ಮಾನಿಸಬೇಡಿ. ಚರ್ಮದಡಿಯ ಕೊಬ್ಬು ದಪ್ಪಗಿದ್ದರೆ ಸಿಗ್ನಲ್ ಸಣ್ಣಗಾಗುತ್ತದೆ. ಸುಸ್ತಾದ ಸ್ನಾಯು ಅದೇ ಭಾರಕ್ಕೆ ಇನ್ನೂ ಜಾಸ್ತಿ ಗೆರೆ ಎಬ್ಬಿಸುತ್ತದೆ. ಗೆಳೆಯನ ಕಾಲಿಗೆ ಹೋಲಿಸುವುದನ್ನು ಬಿಟ್ಟು, ಪೂರ್ತಿ ಬಲ ಹಾಕಿದಾಗ ಸಿಕ್ಕ ನಿಮ್ಮದೇ ಶೇ 100ರ ಜೊತೆ ಹೋಲಿಸಿ. ಯಾವಾಗ ಏಳುತ್ತದೆ, ಯಾವಾಗ ಇಳಿಯುತ್ತದೆ ಅನ್ನುವುದೇ ಇಲ್ಲಿ ಹೆಚ್ಚು ನಂಬಬಹುದಾದ ಮಾಹಿತಿ. ಕಾಲಲ್ಲಿ ನಿಜವಾದ ತೊಂದರೆ ಇದ್ದರೆ ಈ ಗೆರೆ ಹಿಡಿದು ಕೂರದೆ ಡಾಕ್ಟರ ಹತ್ತಿರ ಹೋಗಿ.

ಎಲೆಕ್ಟ್ರೋಡ್ ಕೀಳುವ ಮುಂಚೆ ಅದರ ಸುತ್ತ ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಅಳತೆ ಟೇಪ್ ಹಿಡಿದು, ಪಾದದ ಗಿಣ್ಣಿನಿಂದ ಎಷ್ಟು ಸೆಂಟಿಮೀಟರ್ ಅಂತ ಕಾಣುವಂತೆ ಒಂದು ಫೋಟೊ ತೆಗೆದುಕೊಳ್ಳಿ. ಮುಂದಿನ ವಾರ ಒಂದೆರಡು ಸೆಂಟಿಮೀಟರ್ ಆಚೀಚೆ ಅಂಟಿಸಿದರೂ ಅಂಕಿ ಬದಲಾಗುತ್ತದೆ.